ಎರಡು ಮುಳ್ಳು ಒಂದೇ ದಿನ ಕೆಡಲ್ಲ: ಹಳೇ ಜೀಪಿನ ಮೀಟರ್ ಬೋರ್ಡ್ ಕೈಕೊಟ್ಟಾಗ ಎಲ್ಲಿಂದ ಹುಡುಕೋದು

ನಮ್ಮನೇಲಿ ಒಂದು ಹಳೇ ಡೀಸೆಲ್ ಜೀಪಿದೆ. ಆಲ್ದೂರು ಹತ್ರ ತೋಟ, ಗೊಬ್ಬರ ಹೊರೋದು, ಕಾಫಿ ಮೂಟೆ ಹೊರೋದು, ಮಳೆಗಾಲದಲ್ಲಿ ಕೆಸರಲ್ಲಿ ಸಿಕ್ಕಾಕ್ಕೊಂಡ ಬೇರೆಯವ್ರ ಕಾರು ಎಳೆಯೋದು ಎಲ್ಲಾ ಅದೇ. 15 ವರ್ಷ ಆಯ್ತು, ಆರ್‌ಸಿ ರಿನ್ಯೂವಲ್ ಮಾಡಿಸ್ಬೇಕು ಅಂತ ಟಿಂಕರಿಂಗ್ ಪೇಂಟಿಂಗ್ ಮಾಡಿಸಿ ಮದುಮಗನ ಥರ ಮಿರಿಮಿರಿ ಮಾಡಿ ತಂದ್ವಿ, ತಂದು ಒಂದು ವಾರ ಆಗಿಲ್ಲ ಮೀಟರ್ ಬೋರ್ಡು ತಲೆಕೆಟ್ಟಂಗೆ ಆಡೋಕೆ ಶುರು ಮಾಡ್ತು. ಅರ್ಧ ಟ್ಯಾಂಕ್ ಇದ್ರೂ ಡೀಸೆಲ್ ಮುಳ್ಳು ಫುಲ್ ಹತ್ರ ನಿಂತಿರೋದು. ಎಂಜಿನ್ ಬಿಸಿ ತೋರಿಸೋ ಹೀಟ್ ಮುಳ್ಳು ಚಿಕ್ಕಮಗಳೂರು ಮುಟ್ಟೋಷ್ಟರಲ್ಲಿ ಕೆಂಪು ಗೆರೆ ಪಕ್ಕ. ರಾತ್ರಿ ಹೆಡ್‌ಲೈಟ್ ಹಾಕಿದ್ರೆ ಮೀಟರ್ ಒಳಗಿನ ಬೆಳಕು ಮಂಕು, ಅದ್ರ ಮೇಲೆ ನಾನು ಇಂಡಿಕೇಟರ್ ಹಾಕ್ದೇ ಇದ್ರೂ ಇಂಡಿಕೇಟರ್‌ದು ಹಸಿರು ದೀಪ ಮಿಣಮಿಣ ಅಂತ ಸಣ್ಣಗೆ ಉರೀತಿತ್ತು.

ನಾನೇನ್ ಮಾಡ್ದೆ ಅಂದ್ರೆ ಎಲ್ರೂ ಮಾಡೋದನ್ನೇ ಮಾಡ್ದೆ. ಗ್ಯಾರೇಜ್‌ಗೆ ತಗೊಂಡೋದೆ, ಅವ್ರು ಮೀಟ್ರೇ ಹೋಗಿದೆ ಬೇರೆ ಹಾಕ್ಬೇಕು ಅಂದ್ರು, ಗುಜರಿಲಿ ಹುಡುಕಿ ಅದೇ ಮಾಡೆಲ್‌ದು ಒಂದು ತಂದು ಹಾಕ್ಸಿದ್ದಾಯ್ತು, ಬಂತಾ ಸರಿ? ಇಲ್ಲ. ಅದೇ ಮುಳ್ಳು ಅದೇ ನಾಟಕ. ಒಂದಿನ ಕೊಟ್ಟಿಗೆಹಾರ ದಾಟಿ ಹೋಗ್ತಿರ್ಬೇಕಾದ್ರೆ ಮುಳ್ಳು ಕಾಲು ಟ್ಯಾಂಕ್ ತೋರಿಸ್ತಿದ್ದಂಗೇ ಡೀಸೆಲ್ ಖಾಲಿ, ಜಡಿಮಳೆ, ಲೈನಲ್ಲಿ ಏರ್ ಹಿಡ್ಕೊಂಡಿದೆ, ಕ್ಯಾನಲ್ಲಿ ಡೀಸೆಲ್ ತಂದು ಹಾಕಿ ಹ್ಯಾಂಡ್ ಪಂಪ್ ಒತ್ತಿ ಒತ್ತಿ ಏರ್ ತೆಗೆಯೋಷ್ಟರಲ್ಲಿ ಹೆಬ್ಬೆರಳು ಬಿದ್ದೋಯ್ತು. ಅವತ್ತೇ ತೀರ್ಮಾನ ಮಾಡ್ದೆ, ಇದನ್ನ ನಾನೇ ಕೂತು ನೋಡ್ತೀನಿ ಅಂತ.

ಹಾಸನದಲ್ಲಿ ನಮ್ಮ ಭಾವನಿಗೆ ಗೊತ್ತಿರೋ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ರಿದಾರೆ, ಫೋನಲ್ಲಿ ಎಲ್ಲಾ ಹೇಳ್ದೆ. ಅವ್ರು ಪೂರ್ತಿ ಕೇಳೋಕ್ ಮುಂಚೇನೇ ಅಂದಿದ್ದು, "ಎರಡು ಮುಳ್ಳು ಒಂದೇ ದಿನ ಕೆಡಲ್ಲ ಸ್ವಾಮಿ, ಎರಡಕ್ಕೂ ಎಲ್ಲಿಂದ ಊಟ ಹೋಗುತ್ತೆ ಅಲ್ಲಿ ನೋಡಿ". ಮೀಟರ್ ಬೋರ್ಡಿನ ಕೆಲ್ಸದಲ್ಲಿ ನಾನು ಕಲ್ತಿದ್ದೆಲ್ಲಾ ಈ ಒಂದು ಮಾತಿಂದಾನೇ ಹೊರಟಿದ್ದು.

ಸ್ಕ್ರೂಡ್ರೈವರ್ ಆಮೇಲೆ, ಮೊದ್ಲು ಕೂತು ನೋಡಿ

ಒಂದು ಚೀಟಿ ಪೆನ್ನು ಇಟ್ಕೊಂಡು ಡ್ರೈವರ್ ಸೀಟಲ್ಲಿ ಕೂತ್ಕೊಳಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡ್ಬೇಡಿ. ಆಯಿಲ್ ದೀಪ, ಚಾರ್ಜ್ ದೀಪ ಎರಡೂ ಉರೀಲೇಬೇಕು, ಉರೀಲಿಲ್ಲ ಅಂದ್ರೆ ಅದೇ ಒಂದು ಕಂಪ್ಲೇಂಟು. ಮುಳ್ಳುಗಳು ನಿಧಾನಕ್ಕೆ ಏರ್ತಾವಾ ಇಲ್ಲ ಟಕ್ ಅಂತ ಎದ್ದೇಳ್ತಾವಾ ನೋಡಿ, ನಿಧಾನ ಏರೋದಾದ್ರೆ ಒಳಗಡೆ ಬಿಸಿಗೆ ಬಗ್ಗೋ ಬೈಮೆಟಲ್ ಪಟ್ಟಿ ಇರೋ ಮೀಟ್ರು, ಅಂದ್ರೆ ಬಹುಪಾಲು ಅದಕ್ಕೊಂದು ವೋಲ್ಟೇಜ್ ಸ್ಟೆಬಿಲೈಜರ್ ಇರುತ್ತೆ, ಇದು ಮುಂದೆ ಬೇಕಾಗುತ್ತೆ ನೆನಪಿಟ್ಕೊಳಿ. ಆಮೇಲೆ ಒಂದೊಂದೇ ಹಾಕ್ತಾ ಹೋಗಿ, ಪಾರ್ಕಿಂಗ್ ಲೈಟು, ಹೆಡ್‌ಲೈಟು, ಇಂಡಿಕೇಟರ್, ಬ್ರೇಕ್, ವೈಪರ್. ಇಂಡಿಕೇಟರ್ ಟಿಕ್ ಟಿಕ್ ಅನ್ನೋ ತಾಳಕ್ಕೆ ಯಾವ್ದಾದ್ರೂ ಮುಳ್ಳು ಕುಣೀತಾ ಇದ್ಯಾ, ಒಂದು ಹಾಕಿದ್ರೆ ಇನ್ನೊಂದು ಮಂಕಾಗ್ತಿದ್ಯಾ, ಎಲ್ಲಾ ಬರ್ಕೊಳಿ.

ಈಗ ಚೀಟಿ ನೋಡಿ. ಒಂದೇ ಮುಳ್ಳು ಕೆಟ್ಟಿದ್ದು ಮಿಕ್ಕಿದ್ದೆಲ್ಲಾ ಸರಿ ಇದ್ರೆ ಆ ಮುಳ್ಳಿನ ಸೆನ್ಸರ್, ಅದ್ರ ವೈರು, ಕೊನೇಲಿ ಆ ಮೀಟ್ರು. ಡೀಸೆಲ್ ಮತ್ತೆ ಹೀಟ್ ಎರಡೂ ಒಟ್ಟಿಗೆ ಮೇಲೆ ಹೋದ್ರೆ ಅಥ್ವಾ ಒಟ್ಟಿಗೆ ಸತ್ತು ಬಿದ್ರೆ ಸ್ಟೆಬಿಲೈಜರ್, ಇಲ್ಲಾ ಅದಕ್ಕೆ ಬರೋ ಕರೆಂಟು, ಇಲ್ಲಾ ಅದ್ರ ಅರ್ತು (ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ದಾರಿ). ಎಲ್ಲಾ ಒಟ್ಟಿಗೆ ಸತ್ತಿದ್ರೆ ಫ್ಯೂಸು ಅಥ್ವಾ ಹಿಂದಿನ ಕಪ್ಲರ್ (ವೈರುಗಳನ್ನ ಮೀಟ್ರಿಗೆ ಸೇರಿಸೋ ಪ್ಲಗ್ಗು) ಸಡ್ಲ. ಒಂದಕ್ಕೊಂದು ಸಂಬಂಧ ಇಲ್ಲದ ದೀಪಗಳು ಕಳ್ಳತನದಲ್ಲಿ ಮಂಕಾಗಿ ಉರೀತಾ ಇದ್ರೆ ಅರ್ತು, ಅದ್ರಲ್ಲಿ ಎರಡನೇ ಮಾತಿಲ್ಲ.

ನನ್ನ ಚೀಟಿಲಿ ಎರಡು ಮುಳ್ಳು ಒಟ್ಟಿಗೆ ಮೇಲೆ, ಹಸಿರು ದೀಪ ಮಂಕಾಗಿ. ಎರಡೂ ಅರ್ತ್ ಕಡೇಗೇ ಬೆರಳು ತೋರಿಸ್ತಿತ್ತು. ಗುಜರಿ ಮೀಟ್ರಿಗೆ ದುಡ್ಡು ಕೊಡೋಕ್ ಮುಂಚೆ ಈ ಚೀಟಿ ಬರೆದಿದ್ರೆ ಆಗ್ತಿತ್ತು, ಇರ್ಲಿ.

ಅರ್ತ್ ಕಥೆ

ಬ್ಯಾಟರಿ ಪ್ಲಸ್‌ನಿಂದ ಹೊರಟ ಕರೆಂಟು ಬಲ್ಬು ಮೀಟ್ರು ಎಲ್ಲಾ ಸುತ್ತಿ ವಾಪಸ್ ಮೈನಸ್‌ಗೆ ಹೋಗ್ಬೇಕು, ವಾಪಸ್ ಹೋಗೋ ದಾರಿ ಬಾಡಿ ಕಬ್ಬಿಣ. ಮೀಟರ್ ಬೋರ್ಡಿಂದ ಒಂದು ಕಪ್ಪು ವೈರು ಬಂದು ಡ್ಯಾಶ್ ಕೆಳಗೆ ಬಾಡಿಗೆ ಲಗ್ (ವೈರಿನ ತುದಿಗೆ ಹಾಕೋ ಲೋಹದ ಬಳೆ) ಹಾಕಿ ಬೋಲ್ಟ್ ಮಾಡಿರ್ತಾರೆ. ಆ ಬೋಲ್ಟ್ ಸಡ್ಲ ಆದ್ರೆ, ಕಿಲುಬು ಹಿಡಿದ್ರೆ, ಕರೆಂಟು ಸುಮ್ನೆ ನಿಂತ್ಕೊಳಲ್ಲ, ಗದ್ದೆ ಬದು ಒಡೆದ್ರೆ ನೀರು ಪಕ್ಕದ ಗದ್ದೆಗೆ ನುಗ್ಗಲ್ವಾ ಹಂಗೆ ಬೇರೆ ದಾರಿ ಹುಡುಕುತ್ತೆ. ಮೀಟರ್ ಲೈಟಿನ ಕರೆಂಟು ಇಂಡಿಕೇಟರ್ ದೀಪದ ಫಿಲಮೆಂಟ್ ಒಳಗೆ ತೂರಿಕೊಂಡು ಮುಂದಿನ ಇಂಡಿಕೇಟರ್ ಬಲ್ಬಿನ ಅರ್ತಿಗೆ ಹೋಗಿ ಸೇರುತ್ತೆ, ಹಂಗಾಗಿ ಎರಡೂ ಅರೆಬರೆ ಉರಿಯೋದು.

ನಮ್ಮ ಕಡೆ ಇದು ಜಾಸ್ತಿ ಯಾಕೆ ಅಂತ ಹೇಳ್ಬೇಕಿಲ್ಲ. ಜೂನಿಂದ ಸೆಪ್ಟೆಂಬರ್ ತನಕ ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆ ಬಟ್ಟೇನೇ ಒಣಗಲ್ಲ, ಇನ್ನು ತಾಮ್ರದ ವೈರು ಒಣಗಿರುತ್ತಾ. ಲಗ್ ಒಳಗೆ ಹಸಿರು ಕಿಲುಬು ಹೊರಗಿಂದ ಕಾಣೋದೇ ಇಲ್ಲ, ಇನ್ಸುಲೇಷನ್ ಕೆಳಗೆ ತೆವಳ್ಕೊಂಡು ಹೋಗಿರುತ್ತೆ. ಅದ್ರ ಮೇಲೆ ಇಲಿ. ಶೆಡ್ಡಲ್ಲಿ ಕಾಫಿ ಮೂಟೆ ಪಕ್ಕ ಗಾಡಿ ನಿಲ್ಲಿಸಿದ್ರೆ ಡ್ಯಾಶ್ ಕೆಳಗೆ ಗೂಡು ಗ್ಯಾರಂಟಿ.

ಟೆಸ್ಟ್ ಬಹಳ ಸುಲಭ, ಎರಡು ನಿಮಿಷದ್ದು. ಉದ್ದ ವೈರ್ ತಗೊಂಡು ಒಂದು ತುದಿ ಬ್ಯಾಟರಿ ಮೈನಸ್‌ಗೆ ಕ್ಲಿಪ್ ಮಾಡಿ, ಇನ್ನೊಂದು ತುದಿ ಮೀಟರ್ ಬೋರ್ಡಿನ ಅರ್ತ್ ಜಾಗಕ್ಕೆ ಮುಟ್ಸಿ. ಲೈಟು ಜಗ್ ಅಂತ ಬಂದು ಮುಳ್ಳು ಕೆಳಗಿಳಿದ್ರೆ ಮೀಟ್ರು ಆರೋಗ್ಯವಾಗಿದೆ, ಕಾಯಿಲೆ ಅರ್ತಿಂದು. ಮಲ್ಟಿಮೀಟರ್ ಇದ್ರೆ ಇನ್ನೂ ಖಚಿತ: ಡಿಸಿ ವೋಲ್ಟೇಜ್‌ಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿ ಮೈನಸ್, ಕೆಂಪು ಕಡ್ಡಿ ಮೀಟರ್ ಅರ್ತು, ಹೆಡ್‌ಲೈಟ್ ಹಾಕಿ ನೋಡಿ. 0.1, 0.2 ವೋಲ್ಟ್ ಒಳಗಿರ್ಬೇಕು. ನಂದ್ರಲ್ಲಿ 5 ದಾಟಿತ್ತು ಮಾರಾಯ್ರೆ! ಲೈಟ್ ಹಾಕ್ದೇ ಅಳೀಬೇಡಿ, ಕರೆಂಟ್ ಹರೀದೇ ಇದ್ರೆ ಕೆಟ್ಟ ಅರ್ತು ಕೂಡ ಸಜ್ಜನನ ಥರ ಸೊನ್ನೆ ತೋರಿಸ್ಬೋದು.

ಟಾರ್ಚ್ ಹಿಡ್ಕೊಂಡು ಡ್ಯಾಶ್ ಕೆಳಗೆ ಮಲಗಿ ನೋಡಿದ್ರೆ ಕಪ್ಪು ವೈರಿನ ಲಗ್ಗು ಹೊಸ ಪೇಂಟಿನ ಮೇಲೆ ನೀಟಾಗಿ ಕೂತಿದೆ. ಪೇಂಟ್ ಮಾಡುವಾಗ ಬಿಚ್ಚಿದಾರೆ, ಪೇಂಟ್ ಒಣಗಿದ್ಮೇಲೆ ಅದ್ರ ಮೇಲೇ ಬಿಗಿದಿದಾರೆ. ಬಣ್ಣದ ಮೇಲೆ ಕರೆಂಟ್ ಹೋಗುತ್ತಾ. ಶುರುವಿನಲ್ಲಿ ಆ ಬೋಲ್ಟಿನ ತಿರುಪಿನ ಎಳೆಯಿಂದ ಸ್ವಲ್ಪ ಹಿಡ್ಕೊಂಡಿದ್ದು ಮಳೆ ತೇವಕ್ಕೆ ಅದೂ ಬಿಟ್ಟಿದೆ. ಪೇಂಟ್ ಆದ್ಮೇಲೆ ಶುರುವಾದ ಕಾಯಿಲೆ ಅಂತ ನಾನು ಎಲ್ರಿಗೂ ಹೇಳ್ಕೊಂಡು ತಿರುಗ್ತಿದ್ದೆ, ಆದ್ರೆ ಆ ಮಾತಲ್ಲೇ ಉತ್ತರ ಇದೆ ಅಂತ ನಂಗೇ ಹೊಳೆದಿರ್ಲಿಲ್ಲ. ಎಮರಿ ಪೇಪರ್ ತಗೊಂಡು ಬೋಲ್ಟ್ ಸುತ್ತ ಬಿಳಿ ಕಬ್ಬಿಣ ಕಾಣೋ ತನಕ ಉಜ್ಜಿ, ವೈರು ಹಸಿರಾಗಿದ್ದಷ್ಟು ಕತ್ತರಿಸಿ ಹೊಸ ಲಗ್ ಹಾಕಿ, ಬಿಗಿದ ಮೇಲೆ ಹೊರಗಡೆ ಗ್ರೀಸ್ ಸವರಿದೆ. ಗ್ರೀಸು ಬಿಗಿದ ಮೇಲೇ ಹಚ್ಚೋದು.

ಹಂಗೇ ಬಾನೆಟ್ ಎತ್ತಿ ಬ್ಯಾಟರಿಯಿಂದ ಬಾಡಿಗೆ ಹೋಗೋ ಅರ್ತು, ಎಂಜಿನ್‌ನಿಂದ ಚಾಸಿಗೆ ಹೋಗೋ ಹೆಣೆದ ತಾಮ್ರದ ಪಟ್ಟಿ ಎರಡೂ ನೋಡ್ಬಿಡಿ. ಹಳೇ ಡೀಸೆಲ್ ಎಂಜಿನ್ ನಡುಗೋ ನಡುಕಕ್ಕೆ ಆ ಪಟ್ಟಿ ತುಂಡಾಗಿರುತ್ತೆ, ಆಗ ಸ್ಟಾರ್ಟರಿನ ಅಷ್ಟೂ ಕರೆಂಟು ಆಕ್ಸಿಲರೇಟರ್ ಕೇಬಲ್ಲು, ಸ್ಪೀಡೋ ಕೇಬಲ್ಲು ಅಂತ ಸಿಕ್ಕಿದ್ರಲ್ಲಿ ಹರಿದು ಕೇಬಲ್ ಬಿಸಿಯಾಗಿ ಸುಟ್ಟೋಗೋದೂ ಇದೆ.

ಸ್ಟೆಬಿಲೈಜರ್ ಅನ್ನೋ ಸಣ್ಣ ಡಬ್ಬಿ

ಅರ್ತ್ ಹೋದ್ರೆ ದೀಪ ಮಂಕಾಗೋದು ಅರ್ಥ ಆಯ್ತು, ಮುಳ್ಳು ಯಾಕೆ ಮೇಲೆ ಹೋಯ್ತು? ಗಾಡಿ ನಿಂತಿದ್ದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ಇರುತ್ತೆ, ಓಡ್ತಿದ್ರೆ 14ರ ಆಸುಪಾಸು. ಹಿಂಗೆ ಏರಿಳಿದ್ರೆ ಬೈಮೆಟಲ್ ಮುಳ್ಳೂ ಏರಿಳಿಯುತ್ತೆ, ಅದಕ್ಕೇ ಒಂದು ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ ಇಟ್ಟು ವೋಲ್ಟೇಜ್ ಕಮ್ಮಿ ಮಾಡಿ ಒಂದೇ ಸಮ ಕೊಡ್ತಾರೆ. ಬ್ರಿಟಿಷ್ ಮಾದರಿ ಮೀಟ್ರಲ್ಲಿ ಸರಾಸರಿ 10 ವೋಲ್ಟು, ಅಮೆರಿಕನ್ ಮಾದರಿಲಿ 5 ವೋಲ್ಟು. ಒಳಗಡೆ ಇರೋದು ಒಂದು ಬಿಸಿಯಾಗೋ ಪಟ್ಟಿ ಮತ್ತೆ ಪಾಯಿಂಟು, ಬಿಸಿಯಾದಾಗ ಬಿಡುತ್ತೆ ಆರಿದಾಗ ಹಿಡಿಯುತ್ತೆ. ಆ ಪಟ್ಟಿ ಬಿಸಿಯಾಗ್ಬೇಕಾದ್ರೆ ಡಬ್ಬಿಗೆ ಅರ್ತ್ ಬೇಕು. ಅರ್ತ್ ಇಲ್ಲ ಅಂದ್ರೆ ಪಾಯಿಂಟ್ ಬಿಡೋದೇ ಇಲ್ಲ, ಬ್ಯಾಟರಿಯ ಪೂರಾ ವೋಲ್ಟೇಜ್ ಹೀಟ್ ಮೀಟ್ರಿಗೂ ಡೀಸೆಲ್ ಮೀಟ್ರಿಗೂ ನುಗ್ಗುತ್ತೆ, ಎರಡೂ ಸುಳ್ಳು ಹೇಳುತ್ತೆ. ಒಂದು ಬೋಲ್ಟಿನ ಕೆಳಗಿನ ಬಣ್ಣಕ್ಕೆ ಇಷ್ಟು ಕಥೆ.

ಅರ್ತ್ ಸರಿ ಇದ್ದೂ ಎರಡು ಮುಳ್ಳು ಒಟ್ಟಿಗೆ ಕೆಟ್ಟಿದ್ರೆ ಆಗ ಡಬ್ಬಿಯನ್ನ ಅನುಮಾನಿಸಿ. ಅದ್ರ ಔಟ್‌ಪುಟ್‌ಗೆ ಮಲ್ಟಿಮೀಟರ್ ಇಟ್ರೆ ಅಂಕಿ ಮೇಲೆ ಕೆಳಗೆ ಹಾರ್ತಾ ಇರುತ್ತೆ, ಗಾಬರಿ ಬೇಡ ಅದು ಸರಿಯಾಗಿರೋ ಲಕ್ಷಣ. ಚಿಕ್ಕ ಟೆಸ್ಟ್ ಲ್ಯಾಂಪ್ ಇಟ್ರೆ ಮಿಟುಕ್ತಾ ಇರ್ಬೇಕು. ಮಿಟುಕದೆ ಒಂದೇ ಸಮ ಉರಿದ್ರೆ ಪಾಯಿಂಟ್ ಅಂಟಿದೆ, ಉರೀದೇ ಇದ್ರೆ ಒಳಗೆ ಕಿತ್ತಿದೆ ಅಥ್ವಾ ಡಬ್ಬಿಗೆ ಕರೆಂಟೇ ಬರ್ತಿಲ್ಲ. ಹಳೇ ಡಬ್ಬಿ ಸಿಗಲ್ಲ ಅಂದ್ರೆ ಎಲೆಕ್ಟ್ರಾನಿಕ್ಸ್ ಅಂಗಡಿಲಿ 7810 ಅನ್ನೋ ಐಸಿ ಸಿಗುತ್ತೆ, 10 ವೋಲ್ಟ್ ಕೊಡುತ್ತೆ, 5 ವೋಲ್ಟಿನ ಮೀಟ್ರಿಗೆ 7805. ಯಾವ್ದು ನಿಮ್ದು ಅಂತ ಖಾತ್ರಿ ಮಾಡ್ಕೊಳ್ದೆ ಹಾಕ್ಬೇಡಿ.

ಒಂಟಿ ಮುಳ್ಳು ಕೆಟ್ಟಾಗ

ಡೀಸೆಲ್ ಮುಳ್ಳು ಒಂದೇ ತಪ್ಪು ತೋರಿಸ್ತಿದ್ರೆ ಟ್ಯಾಂಕ್ ಯೂನಿಟ್ (ಡೀಸೆಲ್ ಮಟ್ಟ ಅಳೆಯೋ ಸೆನ್ಸರ್) ಹತ್ರ ಹೋಗಿ. ಒಳಗೆ ಎಣ್ಣೆ ಮೇಲೆ ತೇಲೋ ಒಂದು ಫ್ಲೋಟು, ಅದ್ರ ಕೈ ಒಂದು ರೆಸಿಸ್ಟೆನ್ಸ್ ಪಟ್ಟಿ ಮೇಲೆ ಜಾರುತ್ತೆ ಅಷ್ಟೇ. ಯೂನಿಟ್ಟಿಂದ ವೈರ್ ಬಿಚ್ಚಿ ಕೀ ಆನ್ ಮಾಡಿದ್ರೆ ಮುಳ್ಳು ಒಂದು ತುದಿಗೆ ಹೋಗ್ಬೇಕು, ಅದೇ ವೈರ್ ಬಾಡಿಗೆ ಮುಟ್ಸಿದ್ರೆ ಇನ್ನೊಂದು ತುದಿಗೆ ಹೊರಡ್ಬೇಕು. ಹೊರಟ್ರೆ ವೈರು ಮೀಟ್ರು ಎರಡೂ ಸರಿ, ತಪ್ಪು ಯೂನಿಟ್ ಕಡೇದೇ. ಮುಳ್ಳು ಏರೋಕ್ ಶುರುವಾದ ತಕ್ಷಣ ವೈರ್ ತೆಗೀರಿ, ತುಂಬಾ ಹೊತ್ತು ಹಿಡಿದ್ರೆ ಬೈಮೆಟಲ್ ಸುಟ್ಟೋಗುತ್ತೆ. ಪೆಟ್ರೋಲ್ ಗಾಡಿ ಆದ್ರೆ ಈ ಕೆಲ್ಸ ಟ್ಯಾಂಕ್ ಬಾಯಲ್ಲಿ ಬೇಡ್ವೇ ಬೇಡ, ಕಿಡಿ ಹಾರುತ್ತೆ, ದೂರದ ಕಪ್ಲರ್ ಹತ್ರ ಮಾಡಿ.

ಯೂನಿಟ್ ಹೊರಗೆ ತೆಗೆದ್ರೆ ಮಲ್ಟಿಮೀಟರನ್ನ ರೆಸಿಸ್ಟೆನ್ಸ್ ಅಳೆಯೋ ಓಮ್ಸ್‌ಗೆ ಇಟ್ಟು ಫ್ಲೋಟ್ ಕೈಯನ್ನ ಮೆಲ್ಲಗೆ ಎತ್ತಿ ಇಳಿಸಿ. ಅಂಕಿ ಒಂದೇ ಸಮ ಬದಲಾಗ್ಬೇಕು, ಮಧ್ಯೆ ಎಲ್ಲಾದ್ರೂ ಕಡಿದೋದ್ರೆ ಅಲ್ಲಿ ಪಟ್ಟಿ ಸವೆದಿದೆ. ಫ್ಲೋಟ್ ಕಿವಿ ಹತ್ರ ಅಲ್ಲಾಡ್ಸಿ, ಎಳನೀರಿನ ಥರ ಕುಲುಕಿದ್ರೆ ಒಳಗೆ ಎಣ್ಣೆ ಹೋಗಿದೆ, ಅದು ಮುಳುಗೇ ಇರುತ್ತೆ, ಮುಳ್ಳು ಯಾವಾಗ್ಲೂ ಖಾಲಿ ತೋರಿಸುತ್ತೆ. ಬೇರೆ ಗಾಡಿ ಯೂನಿಟ್ ಕೂರುತ್ತೆ ಅಂತ ಹಾಕೋರು ಹುಷಾರು, ಕೆಲವು 240ರಿಂದ 33 ಓಮ್ಸ್, ಕೆಲವು 10ರಿಂದ 180, ತುಂಬಿದಾಗ ಜಾಸ್ತಿಯಾಗೋದೂ ಇದೆ ಕಮ್ಮಿಯಾಗೋದೂ ಇದೆ. ಹೊಂದದೇ ಇದ್ರೆ ಟ್ಯಾಂಕ್ ತುಂಬಿಸಿದಷ್ಟೂ ಮುಳ್ಳು ಕೆಳಗಿಳಿಯೋ ತಮಾಷೆ ನೋಡ್ಬೋದು.

ಹೀಟ್ ಮುಳ್ಳಿಗೂ ಇದೇ ಪರೀಕ್ಷೆ. ವೈರ್ ಬಿಚ್ಚಿದ್ರೆ ತಣ್ಣಗೆ, ಬಾಡಿಗೆ ಮುಟ್ಸಿದ್ರೆ ಬಿಸಿ. ಸೆನ್ಸರನ್ನ ಬಿಚ್ಚಿ ಒಲೆ ಮೇಲೆ ನೀರಿಗೆ ಇಳಿಬಿಟ್ಟು ಓಮ್ಸ್ ನೋಡಿದ್ರೆ ನೀರು ಕಾದಂಗೆ ಅಂಕಿ ಇಳೀತಾ ಹೋಗ್ಬೇಕು. ಸೆನ್ಸರಿಗೆ ಅರ್ತು ಅದ್ರ ಎಳೆಯಿಂದಲೇ ಸಿಗೋದು, ನೀರು ಸೋರುತ್ತೆ ಅಂತ ಟೆಫ್ಲಾನ್ ಟೇಪು ಸಿಕ್ಕಾಪಟ್ಟೆ ಸುತ್ತಿದ್ರೆ ಅರ್ತ್ ಕಟ್ಟಾಗಿ ಮುಳ್ಳು ಮೇಲೇಳಲ್ಲ. ಆದ್ರೆ ಇದೆಲ್ಲಾ ಮಾಡೋಕ್ ಮುಂಚೆ ಗಾಡಿ ನಿಜವಾಗ್ಲೂ ಕಾಯ್ತಿಲ್ಲ ಅಂತ ಖಾತ್ರಿ ಮಾಡ್ಕೊಳಿ. ತಣ್ಣಗಿದ್ದಾಗ ರೇಡಿಯೇಟರ್ ನೀರು ನೋಡಿ (ಬಿಸಿ ಇದ್ದಾಗ ಮುಚ್ಚಳ ತೆಗೆದು ಮುಖ ಸುಟ್ಕೋಬೇಡಿ). ಇನ್ನೊಂದು ಮೋಸ ಏನಂದ್ರೆ ನೀರು ಪೂರ್ತಿ ಸೋರೋಗಿ ಸೆನ್ಸರ್ ಬರೀ ಗಾಳೀಲಿ ಇದ್ರೆ ಎಂಜಿನ್ ಕಾದು ಹೋಗ್ತಿದ್ರೂ ಮುಳ್ಳು ಆರಾಮಾಗಿ ಕೆಳಗೇ ಇರುತ್ತೆ. ಚಾರ್ಮಾಡಿ ಹತ್ತುವಾಗ ಮುಳ್ಳು ಇದ್ದಕ್ಕಿದ್ದಂಗೆ ಕೆಳಗಿಳಿದ್ರೆ ಖುಷಿ ಪಡ್ಬೇಡಿ, ಪಕ್ಕಕ್ಕೆ ಹಾಕಿ ನಿಲ್ಸಿ.

ಆಯಿಲ್ ದೀಪ ಓಡ್ತಿರುವಾಗ ಹತ್ಕೊಂಡ್ರೆ ಮೀಟ್ರು ಸರಿ ಇಲ್ಲ ಅಂತ ಅನ್ಕೊಂಡು ಮನೆ ತನಕ ಓಡಿಸೋ ಧೈರ್ಯ ಮಾಡ್ಬೇಡಿ. ಎಂಜಿನ್ ಆಫ್, ಡಿಪ್‌ಸ್ಟಿಕ್ ನೋಡಿ. ಆಯಿಲ್ ಇದ್ರೂನೂ ಪ್ರೆಷರ್ ಗೇಜ್ ಹಾಕಿ ಅಳೆದ ಮೇಲೇ ಆ ದೀಪ ಹೊತ್ತಿಸೋ ಪ್ರೆಷರ್ ಸ್ವಿಚ್ಚಿಂದು ತಪ್ಪು ಅಂತ ಹೇಳ್ಬೇಕು.

ಸ್ಪೀಡೋಮೀಟರ್ ಬೇರೆ ಜಾತಿ, ಹಳೇ ಗಾಡಿಲಿ ಅದಕ್ಕೆ ಕರೆಂಟೇ ಬೇಡ. ಗೇರ್‌ಬಾಕ್ಸಿಂದ ಕೇಬಲ್ ತಿರುಗುತ್ತೆ, ಮೇಲೆ ಒಂದು ಮ್ಯಾಗ್ನೆಟ್ ತಿರುಗುತ್ತೆ, ಅದು ಅಲ್ಯೂಮಿನಿಯಂ ಬಟ್ಟಲನ್ನ ಮುಟ್ಟದೇನೇ ಎಳ್ಕೊಂಡು ಹೋಗುತ್ತೆ, ಸ್ಪ್ರಿಂಗ್ ತಡೆಯುತ್ತೆ. ಮುಳ್ಳೂ ಇಲ್ಲ ಕಿಲೋಮೀಟ್ರೂ ಓಡಲ್ಲ ಅಂದ್ರೆ ಕೇಬಲ್ ತುಂಡು ಅಥ್ವಾ ಗೇರ್‌ಬಾಕ್ಸ್ ಹತ್ರದ ಹಲ್ಲು ಸವೆದಿದೆ. ಕಿಲೋಮೀಟ್ರು ಓಡುತ್ತೆ ಮುಳ್ಳಿಲ್ಲ ಅಂದ್ರೆ ಮೇಲಿನ ಮೀಟ್ರದ್ದೇ ತಪ್ಪು. ಮುಳ್ಳು ನಡುಗ್ತಾ ಕಿರ್ರ್ ಅಂದ್ರೆ ಕೇಬಲ್ ಒಣಗಿದೆ ಅಥ್ವಾ ಎಲ್ಲೋ ಮಡಚಿದೆ. ಮೇಲಿಂದ ಕೇಬಲ್ ಬಿಚ್ಚಿ ಜೀಪನ್ನ ನಾಲ್ಕು ಹೆಜ್ಜೆ ತಳ್ಳಿ, ತುದಿ ತಿರುಗ್ತಿದ್ರೆ ಕೇಬಲ್ ಸರಿ. ಡ್ರಿಲ್ ಮಷೀನಿಗೆ ಹಾಕಿ ತಿರುಗಿಸಿ ನೋಡೋರೂ ಇದಾರೆ, ಬಹಳ ಗಾಡಿಲಿ ನಿಮಿಷಕ್ಕೆ 600 ಚಿಲ್ರೆ ಸುತ್ತಿಗೆ 60 ತೋರಿಸ್ಬೇಕು, ಸುತ್ತೋ ದಿಕ್ಕು ತಪ್ಪದಂಗೆ ನೋಡ್ಕೊಳಿ. ಗ್ರೀಸ್ ಸ್ವಲ್ಪ ಸಾಕು, ಮೇಲಿನ ತುದಿ ಒಣಗೇ ಇರ್ಲಿ, ಇಲ್ಲ ಅಂದ್ರೆ ಹತ್ಕೊಂಡು ಹೋಗಿ ಮೀಟರ್ ಒಳಗೆ ಅಂಟು ಮಾಡುತ್ತೆ.

ಬಿಚ್ಚಲೇಬೇಕು ಅಂದ್ರೆ

ಬ್ಯಾಟರಿ ಮೈನಸ್ ತೆಗೀರಿ, ಮೊಬೈಲಲ್ಲಿ ಹಿಂದಿನ ವೈರುಗಳ ಫೋಟೋ ಹೊಡ್ಕೊಳಿ, ಕೇಬಲ್ ನಟ್ ಕೈಯಲ್ಲೇ ಬಿಚ್ಚಿ. ಮೀಟ್ರನ್ನ ಬಲವಂತವಾಗಿ ಮುಂದಕ್ಕೆ ಎಳೀಬೇಡಿ, ಕೇಬಲ್ ಸಾಲಲ್ಲ ಅಂದ್ರೆ ಎಂಜಿನ್ ಕಡೆಯಿಂದ ಒಳಕ್ಕೆ ತಳ್ಳಿ. ಹಿಂದುಗಡೆ ಜೇನುಬಣ್ಣದ ತೆಳು ಹಾಳೆ ಮೇಲೆ ತಾಮ್ರದ ಗೆರೆ ಇರೋ ಪ್ರಿಂಟೆಡ್ ಸರ್ಕ್ಯೂಟ್ ಇದ್ರೆ ಅದನ್ನ ಬೆಳಕಿಗೆ ಹಿಡಿದು ಬಿರುಕು ಹುಡುಕಿ, ಕಪ್ಲರ್ ಕೂರೋ ಜಾಗದಲ್ಲಿ ಜಾಸ್ತಿ. ಕಪ್ಪಾದ ಗೆರೆಯನ್ನ ಮಕ್ಕಳ ಪೆನ್ಸಿಲ್ ರಬ್ಬರಲ್ಲಿ ಉಜ್ಜಿದ್ರೆ ಹೊಳೆಯುತ್ತೆ, ಕಡಿದಿದ್ರೆ ಸಣ್ಣ ವೈರ್ ಬೆಸುಗೆ ಹಾಕ್ಬೋದು, ಬೆಸುಗೆ ಕಡ್ಡಿ ಜಾಸ್ತಿ ಹೊತ್ತು ಇಟ್ರೆ ಹಾಳೆ ಸುರುಟುತ್ತೆ. ಹಳೇ ಜೀಪಲ್ಲಿ ಆಂಪಿಯರ್ ಮೀಟ್ರು ಇದ್ರೆ ಅದ್ರ ಎರಡು ನಟ್ ಬಿಗಿ ಇದ್ಯಾ ನೋಡ್ಲೇಬೇಕು, ಗಾಡಿಯ ಬಹುತೇಕ ಕರೆಂಟು ಅದ್ರ ಮೂಲಕವೇ ಹೋಗೋದು, ಸಡ್ಲ ಆದ್ರೆ ಕಾದು ವೈರ್ ಸುಡುತ್ತೆ.

ಬಲ್ಬೆಲ್ಲಾ ಎಲ್‌ಇಡಿ ಹಾಕ್ಬಿಡೋಣ ಅಂತ ನಂಗೂ ಅನ್ನಿಸಿತ್ತು. ಮಿಕ್ಕಿದ್ದಕ್ಕೆ ಹಾಕಿ, ಚಾರ್ಜ್ ದೀಪಕ್ಕೆ ಬೇಡ. ಬಹಳ ಗಾಡಿಲಿ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರನ್ನ ಎಬ್ಬಿಸೋ ಮೊದಲ ಕರೆಂಟು ಆ ಪುಟ್ಟ ಬಲ್ಬಿನ ಮೂಲಕವೇ ಹೋಗೋದು, ಬಲ್ಬ್ ಸುಟ್ಟಿದ್ರೆ ಅಥ್ವಾ ಎಲ್‌ಇಡಿ ಇದ್ರೆ ಆಲ್ಟರ್ನೇಟರ್ ಎಚ್ಚರಾನೇ ಆಗ್ದೆ ಬ್ಯಾಟರಿ ಡೌನ್ ಆಗ್ತಾ ಹೋಗ್ಬೋದು, ಜನ ಮಾತ್ರ ಬ್ಯಾಟರಿ ಮೇಲೆ ಬ್ಯಾಟರಿ ಬದಲಾಯಿಸ್ತಿರ್ತಾರೆ.

ಕೇಬಲ್ ಇಲ್ಲದ, ಕೀ ಹಾಕಿದ್ರೆ ಮುಳ್ಳೆಲ್ಲಾ ಒಂದ್ಸಲ ಎದ್ದು ಸಲಾಮ್ ಹೊಡೆಯೋ ಎಲೆಕ್ಟ್ರಾನಿಕ್ ಮೀಟ್ರುಗಳಿಗೂ ಫ್ಯೂಸು ಅರ್ತು ಕಪ್ಲರ್ ತನಕ ಇದೇ ದಾರಿ. ಆಮೇಲೆ ಒಳಗಿನ ಬೆಸುಗೆ ಬಿರುಕು, ಉಬ್ಬಿದ ಕೆಪಾಸಿಟರ್ ಇವು ಕೆಲ್ಸ ಗೊತ್ತಿರೋರ ಕೈಗೆ.

ಇನ್ನು ನನ್ನ ಜೀಪು. ಅರ್ತ್ ಸರಿ ಮಾಡಿದ್ಮೇಲೆ ಹಸಿರು ದೀಪ ಆರ್ತು, ಹೀಟ್ ಮುಳ್ಳು ಮಧ್ಯಕ್ಕೆ ಬಂದು ಕೂತ್ಕೊಂತು. ಡೀಸೆಲ್ ಮುಳ್ಳು ಮಾತ್ರ ಅರ್ಧಕ್ಕೆ ಬಂದಾಗ ಸೊನ್ನೆಗೆ ಇಳಿದೋಗಿ ಸ್ವಲ್ಪ ಹೊತ್ತಿಗೆ ವಾಪಸ್ ಏಳೋದು, ಅಂದ್ರೆ ಒಂದು ಕಾಯಿಲೆ ಕೆಳಗೆ ಇನ್ನೊಂದು ಅಡಗಿತ್ತು, ಯೂನಿಟ್ ಪಟ್ಟಿ ಮಧ್ಯದಲ್ಲಿ ಸವೆದಿತ್ತು. ಅದನ್ನ ಬದಲಾಯಿಸಿ, ಟ್ಯಾಂಕ್ ಬರಿದು ಮಾಡಿ, 5 ಲೀಟರ್ ಕ್ಯಾನಲ್ಲಿ ಒಂದೊಂದೇ ಹಾಕ್ತಾ ಮುಳ್ಳು ಎಲ್ಲೆಲ್ಲಿ ನಿಲ್ಲುತ್ತೆ ಅಂತ ಬರ್ಕೊಂಡು ಆ ಚೀಟೀನ ಸನ್‌ವೈಸರ್‌ಗೆ ಸಿಕ್ಕಿಸಿದೀನಿ. ಗುಜರಿ ಮೀಟ್ರು ಬಿಚ್ಚಿ ನನ್ನ ಹಳೇದನ್ನೇ ವಾಪಸ್ ಹಾಕ್ಕೊಂಡೆ, ಕಿಲೋಮೀಟ್ರಾದ್ರೂ ನಿಜ ಇರ್ಲಿ ಅಂತ. ಆ ಗುಜರೀದು ಸ್ಟೋರ್ ರೂಮಲ್ಲಿ ಗೊಬ್ಬರದ ಚೀಲದ ಮೇಲೆ ಕೂತಿದೆ, ಅದ್ರ ಎರಡು ಬಲ್ಬ್ ಹೋಲ್ಡರ್ ಮಾತ್ರ ಉಪಯೋಗಕ್ಕೆ ಬಂತು.